ಚಮಕಿಯ ಲದ್ದಿ ಪ್ರಸಂಗ

ಕಮಲಾಪುರ
೧೯ ನವೆಂಬರ್ ೨೦೨೩

ಬೇಟಿ ಮುನೀರಾ,

ತೆರೆ ಸರಿಯಲಿ! ದೀಪ ಉರಿಯಲಿ! ಒಂದು ಕಾಲಕ್ಕೆ ಮೈಕು ಕೆಟ್ಟರೂ ಬಸ್‌ಸ್ಟ್ಯಾಂಡಿನ ತನಕ ಸಂಭಾಷಣೆ ಮುಟ್ಟಿಸುತ್ತಿದ್ದ ನಿನ್ನ ಅಬ್ಬಾ, ನಾಟಕದ ಅಲ್ಲಾಬಕ್ಷ ಮಾಸ್ತರ, ಇದೀಗ ಮೂಕನ ಪಾತ್ರದಲ್ಲಿ ರಂಗಪ್ರವೇಶ ಮಾಡಿದ್ದಾನೆ. ಗಂಟಲೊಳಗಿನ ಗಂಟು ತೆಗೆದ ಡಾಕ್ಟರು ಪಿಸುಮಾತೂ ಕೂಡದು ಎಂದಿದ್ದಾರೆ. ಅವರು ಹೇಳುವ ತನಕ ಬಾಯಿಗೆ ಬೀಗ. ಫೋನಿನಲ್ಲಿ ನೀನು "ಹಲೋ, ಹಲೋ" ಅನ್ನುವುದು, ನಾನು ಬರೀ ಉಸಿರು ಬಿಡುವುದು, ಅದೆಂಥ ದೃಶ್ಯ? ಮೆಸೇಜು ಒತ್ತೋಣವೆಂದರೆ ಆ ಅಕ್ಷರಗಳು ನನ್ನ ಹೆಬ್ಬೆರಳಿಗೆ ಸಾಸಿವೆ ಕಾಳು. ಅದಕ್ಕೇ ಈ ಪತ್ರ. ಬಾಳೆಹಣ್ಣಿನ ಟೆಂಪೋ ಶಬ್ಬೀರ್ ದಿನಾ ಮುಂಜಾನೆ ಕಲಬುರಗಿಗೆ ಹೊರಡುತ್ತಾನೆ. ನಿನ್ನ ದವಾಖಾನೆಯ ಬಾಗಿಲಿಗೆ ಒಂದು ಚಿಪ್ಪು ಕೆಂಪು ಬಾಳೆ, ಅದರ ನಡುವೆ ಈ ಕಾಗದ. ಮನೆಯಲ್ಲಿ ನಮ್ಮದು ದಖನಿಯಾದರೂ ನನಗೆ ಬರೆಯಲು ಬರುವುದು ರಂಗ ಕಲಿಸಿದ ಕನ್ನಡ ಒಂದೇ. ಸಹಿಸಿಕೋ.

ಈ ವರ್ಷ ಹೊಸ ನಾಟಕ ಬರೆದಿದ್ದೇನೆ, 'ಕೋಟೆ ತೆರೆದ ಸರದಾರ'. ತೊಗರಿ ರಾಶಿ ಮುಗಿದ ಮೇಲೆ, ಜನವರಿಯಲ್ಲಿ ಆಟ. ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವ ನಮ್ಮ ಸೂಗಪ್ಪನೇ ಸರದಾರ. ಅವನು ರಂಗಕ್ಕೆ ಬರುವುದು ಹೇಗೆ ಗೊತ್ತೇ? ನಿಜವಾದ ಕುದುರೆ ಏರಿ! ಶಹಾಬಜಾರದ ಬ್ಯಾಂಡಿನ ನಬಿಸಾಬ್‌ನಿಂದ ಕೊಂಡ ಬಿಳಿ ಹೆಣ್ಣುಗುದುರೆ. ಹೆಸರು ಚಮಕಿ. ಅರ್ಧ ಕಲಬುರಗಿಯ ಮದುಮಕ್ಕಳನ್ನು ಹೊತ್ತವಳು, ಪಟಾಕಿಗೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ.

ಆದರೆ ಕಥೆಯಲ್ಲಿ ಖಳನಾಯಕ ಬಂದುಬಿಟ್ಟಿದ್ದಾನೆ. ತಾಲೀಮು ಶುರುವಾದಾಗಿನಿಂದ ಚಮಕಿಗೆ ಲದ್ದಿ ಸರಿಯಾಗಿ ಬೀಳುತ್ತಿಲ್ಲ. ಬಾಲ ಎತ್ತುತ್ತಾಳೆ, ತಿಣುಕುತ್ತಾಳೆ, ನಾವೆಲ್ಲ ಉಸಿರು ಹಿಡಿದು ನಿಲ್ಲುತ್ತೇವೆ; ಬೀಳುವುದು ಒಣಗಿದ ಎರಡು ಕರಿ ಉಂಡೆ. ಸೂಗಪ್ಪ ಹೇಳುತ್ತಾನೆ, "ಮಾಸ್ತರ, ಒಂದ್ ಬಾಟ್ಲಿ ಔಡಲೆಣ್ಣಿ ಬಾಯಾಗ ಸುರೀರಿ. ಕೋಟಿ ಬಾಗಲಾ ತಾನಾ ತೆರೀತದ." ಅವನ ಹೆಂಡತಿ ಸುನಂದಾ ಸಾಬೂನು ನೀರು ಅನ್ನುತ್ತಾಳೆ. ನಾನು ಪಾಟಿಯ ಮೇಲೆ, "ಮುನೀರಾಳನ್ನು ಕೇಳೋಣ" ಎಂದು ಬರೆದು ಇಬ್ಬರಿಗೂ ತೋರಿಸಿದೆ.

ನೀನು ಮೂಕಪ್ರಾಣಿಗಳ ನರ್ಸು. ನಿನ್ನ ಅಬ್ಬಾ ಈಗ ಅದೇ ಜಾತಿ. ಔಷಧದ ಹೆಸರು ಬರೆದು ಕಳಿಸು. ಇವಳು ಹೋದರೆ ಸರದಾರ ಸೈಕಲ್ ಮೇಲೆ ಬರಬೇಕಾದೀತು. ಆಟಕ್ಕೆ ಬಾ ಎಂದು ಕರೆಯುವುದಿಲ್ಲ. ಕರೆದು ಕರೆದು ಬಿಟ್ಟಿದ್ದೇನೆ.

ಗರ್ಜನೆಯನ್ನು ಅಡವಿಟ್ಟ
ನಿನ್ನ ಅಬ್ಬಾ

⁂

ಕಲಬುರಗಿ
೨೧ ನವೆಂಬರ್ ೨೦೨೩

ಅಬ್ಬಾ, ಸಲಾಂ.

ಮೊದಲು ಸೂಗಪ್ಪ ಕಾಕಾನ ಕೈಯಿಂದ ಆ ಎಣ್ಣೆ ಬಾಟಲಿ ಕಸಿದುಕೊಳ್ಳಿ. ಕುದುರೆಯ ತಲೆ ಎತ್ತಿಸಿ ಬಾಯಿಗೆ ಸುರಿದರೆ ಎಣ್ಣೆ ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಹೋದೀತು. ಆಮೇಲೆ ಲದ್ದಿಯ ಚಿಂತೆ ಯಾರಿಗೂ ಉಳಿಯುವುದಿಲ್ಲ. ಎಣ್ಣೆ ಬೇಕೇ ಆದರೆ ಡಾಕ್ಟರು ಮೂಗಿನಿಂದ ಹೊಟ್ಟೆಯ ತನಕ ನಳಿಕೆ ಇಳಿಸಿ ಕೊಡುತ್ತಾರೆ. ಸಾಬೂನು ನೀರಂತೂ ಬೇಡವೇ ಬೇಡ.

ಔಷಧದ ಹೆಸರು ಕೇಳಿದ್ದೀರಿ. ಅದಕ್ಕಿಂತ ಮುಂಚೆ ಒಂದು ಬೆಕ್ಕಿನ ಕಥೆ ಕೇಳಿ. ಶಹಾಬಜಾರದ ಸಕೀನಾ ಆಪಾ ತಮ್ಮ ಬೆಕ್ಕನ್ನು ಮೇಲಿಂದ ಮೇಲೆ ತರುತ್ತಿದ್ದರು. ಹೊಟ್ಟೆ ಕಲ್ಲಿನಂತೆ. ಪ್ರತಿ ಸಲ ನಾನು ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿಯುವುದು, ನಮ್ಮ ಡಾಕ್ಟರ್ ಪ್ರಬುದ್ಧ ಬೆಚ್ಚಗಿನ ನೀರಿನ ಎನಿಮಾ ಕೊಡುವುದು, ಅದು ನನ್ನ ಅಂಗೈ ಪರಚಿ ಹಗುರಾಗಿ ಮನೆಗೆ ಹೋಗುವುದು. ಮುಂದಿನ ವಾರ ಮತ್ತೆ ಹಾಜರು. ಕೊನೆಗೆ ಡಾಕ್ಟರು ನನಗೆ, "ಹೊಟ್ಟ್ಯಾಗ ಏನದ ಅಂತ ನಾ ನೋಡ್ತೀನಿ. ಮನ್ಯಾಗ ಏನ್ ಬದಲಾಗ್ಯಾದ ಅಂತ ನೀ ಕೇಳು" ಅಂದರು. ಕೇಳಿದೆ. ಬೆಕ್ಕಿನ ಮರಳಿನ ತಟ್ಟೆಯನ್ನು ಅವರು ನೀರಿನ ಮೋಟಾರಿನ ಪಕ್ಕಕ್ಕೆ ಸರಿಸಿದ್ದರು. ಅದು ಕೂತ ಹೊತ್ತಿಗೆ ಮೋಟಾರು ಗುರ್ ಅನ್ನುತ್ತಿತ್ತು, ಬೆಕ್ಕು ಎದ್ದು ಓಡುತ್ತಿತ್ತು, ಬಂದದ್ದನ್ನು ತಡೆದು ತಡೆದು ಕಲ್ಲು ಮಾಡಿಕೊಂಡಿತ್ತು. ತಟ್ಟೆ ಮೆಟ್ಟಿಲ ಕೆಳಗೆ ಹೋಯಿತು. ಬೆಕ್ಕು ನಮ್ಮ ಕಡೆ ತಿರುಗಿ ನೋಡಲಿಲ್ಲ.

ಅದಕ್ಕೇ ಕೇಳುತ್ತೇನೆ. ಚಮಕಿ ಏನು ತಿನ್ನುತ್ತಾಳೆ? ಸರಿಯಾಗಿ ಅಗಿಯುತ್ತಾಳೆಯೇ, ಹಲ್ಲು ಹೇಗಿವೆ? ನೀರು ಯಾವಾಗ, ಎಷ್ಟು? ಯಾವ ದಿನ ಲದ್ದಿ ಚೆನ್ನಾಗಿ ಬೀಳುತ್ತದೆ, ಯಾವ ದಿನ ಇಲ್ಲ? ಒಂದು ವಾರ ಕಣ್ಣಿಟ್ಟು ನೋಡಿ. ಅಷ್ಟರಲ್ಲಿ ಅವಳು ಮೇವು ಬಿಟ್ಟರೆ, ಪಕ್ಕೆ ತಿರುಗಿ ತಿರುಗಿ ನೋಡಿಕೊಂಡರೆ, ನೆಲಕ್ಕೆ ಬಿದ್ದು ಹೊರಳಿದರೆ ಪತ್ರ ಬರೆಯುತ್ತ ಕೂಡಬೇಡಿ. ಸೂಗಪ್ಪ ಕಾಕಾನಿಂದ ಫೋನ್ ಮಾಡಿಸಿ.

ನಿಮ್ಮ ಗಂಟಲು ಹೇಗಿದೆ? ಡಾಕ್ಟರು ಹೇಳಿದಷ್ಟು ನೀರು ಕುಡಿಯುತ್ತೀರೋ ಇಲ್ಲವೋ?

ಮುನೀರಾ

⁂

ಕಮಲಾಪುರ
೩೦ ನವೆಂಬರ್ ೨೦೨೩

ಬೇಟಿ ಮುನೀರಾ,

ಸಭಿಕರೇ, ಶಾಂತರಾಗಿರಿ! ಲದ್ದಿ ಪುರಾಣದ ಎರಡನೆಯ ಅಂಕ! ಈ ಕಣ್ಣುಗಳಿಂದ ಕಿರೀಟ ನೋಡಿದ್ದೇನೆ, ಖಡ್ಗ ನೋಡಿದ್ದೇನೆ, ರಾಣಿಯರ ಕಣ್ಣೀರು ನೋಡಿದ್ದೇನೆ. ಒಂದು ಪ್ರಾಣಿಯ ಹಿಂಭಾಗವನ್ನು ಇಷ್ಟು ಭಕ್ತಿಯಿಂದ ನೋಡಿದ್ದು ಇದೇ ಮೊದಲು. ನಿಜ ಹೇಳಲೇ? ಈಗ ಬಿಡಲಾಗುತ್ತಿಲ್ಲ. ಮುಂಜಾನೆ ಎದ್ದವನೇ ಚಹಾಕ್ಕಿಂತ ಮುಂಚೆ ಕೊಟ್ಟಿಗೆಗೆ ಓಡುತ್ತೇನೆ. ಸುನಂದಾ ಓಣಿಯ ತುಂಬ, "ಮಾಸ್ತರಗ ಹುಚ್ಚ ಹಿಡದದ, ಕುದರಿ ಬಾಲದ ಹಿಂದ ಕುರ್ಚಿ ಹಾಕ್ಕೊಂಡ ಕುಂತಾನ" ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ.

ಆಹಾರ: ಒಣ ಜೋಳದ ಕಣಕಿ, ಮೇಲೆ ನಂದೂರಿನ ದಾಲ್‌ಮಿಲ್ಲಿನಿಂದ ಸೂಗಪ್ಪ ತರುವ ತೊಗರಿ ಹೊಟ್ಟು. ಹಲ್ಲು: ನೋಡಲು ಸೂಗಪ್ಪ ವೇಷದಲ್ಲೇ ಬಗ್ಗಿದ. ಚಮಕಿ ಅವನ ಅಂಟಿಸಿದ ಮೀಸೆಯನ್ನು ಕಿತ್ತು, ನಿಧಾನವಾಗಿ ಅಗಿದು, ಉಗುಳಿದಳು. ಹಲ್ಲು ಗಟ್ಟಿ. ನೀರು: ಕೊಟ್ಟಾಗ ಕುಡಿಯುತ್ತಾಳೆ, ಬಕೆಟ್ಟಿನ ತಳ ನೆಕ್ಕುತ್ತಾಳೆ.

ಇನ್ನು ನಿನ್ನ ಕೊನೆಯ ಪ್ರಶ್ನೆ. ಇಲ್ಲಿದೆ ನೋಡು ರಹಸ್ಯ! ಜುಮ್ಮಾ ದಿನ ನಮ್ಮಲ್ಲಿ ತಾಲೀಮಿಲ್ಲ. ಶನಿವಾರ ಮುಂಜಾನೆ ಆ ಲದ್ದಿಯನ್ನು ನೀನು ನೋಡಬೇಕಿತ್ತು, ಬೇಟಿ. ಹಸಿರು ಹೊಂಬಣ್ಣ, ಒದ್ದೆ ಹೊಳಪು, ಬಿದ್ದೊಡನೆ ಬಿರಿಯುವ ಉಂಡೆ, ಮೇಲೆ ಹಬೆ. ನಾನು ಮೂಕನಲ್ಲದಿದ್ದರೆ ಚಪ್ಪಾಳೆಯ ಜೊತೆ ಒಂದು ಪದ್ಯವನ್ನೂ ಹೇಳುತ್ತಿದ್ದೆ. ತಾಲೀಮು ಮತ್ತೆ ಶುರುವಾಯಿತು, ಮತ್ತೆ ಕರಿ ಉಂಡೆ. ಅದರ ಹಿಂದಿನ ಶುಕ್ರವಾರವೂ ಹೀಗೇ ಆಗಿತ್ತು. ಇದರಿಂದ ನಾನು ಕಂಡುಕೊಂಡ ಸತ್ಯವೇನು? ಸಭಾಕಂಪ! ನಮ್ಮ ಚಮಕಿಗೆ ರಂಗದ ಭಯ! ಹೊಸ ನಟರಿಗೆ ಹೊಟ್ಟೆ ಕೆಡುತ್ತದೆ, ಇವಳಿಗೆ ಹೊಟ್ಟೆ ಕಟ್ಟುತ್ತದೆ. ಭಯಕ್ಕೆ ಔಷಧವಿದ್ದರೆ ಕಳಿಸು.

ಯುವರಾಜನ ಪಾತ್ರಕ್ಕೆ ಈ ಸಲ ಶಬ್ಬೀರನ ಮಗಳು ಅಲ್ಫಿಯಾ. ಪೆಟ್ಟಿಗೆಯಿಂದ ನಿನ್ನ ಹಳೆಯ ಜರಿ ಅಂಗಿ ತೆಗೆದು ತೊಡಿಸಿದೆವು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಕುರ್ಚಿಯಿಂದ,
ನಿನ್ನ ಅಬ್ಬಾ

⁂

ಕಲಬುರಗಿ
೧ ಡಿಸೆಂಬರ್ ೨೦೨೩

ಅಬ್ಬಾ,

ಶಬ್ಬೀರ್ ಭಾಯ್ ಟೆಂಪೋ ಬಾಗಿಲಲ್ಲೇ ನಿಂತಿದೆ, ಅದಕ್ಕೆ ಒಂದೇ ಮಾತು.

"ಕೊಟ್ಟಾಗ" ಅಂದರೆ ಯಾವಾಗ?

ಮುನೀರಾ

⁂

ಕಮಲಾಪುರ
೧೨ ಡಿಸೆಂಬರ್ ೨೦೨೩

ಬೇಟಿ,

ಉತ್ತರ ತಡವಾಯಿತು. ರಾಶಿ ಕೆಲಸಕ್ಕೆ ಹೋಗುವವರು ಸಿಗುವ ಹೊತ್ತೆಲ್ಲ ಹಿಡಿದು ತಾಲೀಮು ಮಾಡಿಸುತ್ತಿದ್ದೇನೆ. ಈಗ ಜುಮ್ಮಾಕ್ಕೂ ರಜೆಯಿಲ್ಲ.

ಇದೆಂಥ ಪ್ರಶ್ನೆ ಕೇಳಿದೆ? ಕೊಟ್ಟಾಗ ಎಂದರೆ ತಾಲೀಮು ಮುಗಿದ ಮೇಲೆ. ರಂಗಕ್ಕೆ ಹೋಗುವ ದಿನ ಮುಂಜಾನೆಯಿಂದಲೇ ತೊಟ್ಟಿಗೆ ಹಲಗೆ ಮುಚ್ಚುತ್ತೇವೆ. ನಬಿಸಾಬನೂ ಮಾರುವಾಗ ಇದನ್ನೇ ಹೇಳಿಕೊಟ್ಟ: "ಬಾರಾತ್ ಇದ್ದ ದಿನ ನೀರ್ ಬಂದ್, ಮಾಸ್ತರ. ಇಲ್ಲಾಂದ್ರ ಮದುಮಗನ ಮಾವನ ಬೂಟಿನ ಮ್ಯಾಲೇ ಹಾಕ್ತದ." ಅವನು ಹೇಳುವ ಅಗತ್ಯವೇ ಇರಲಿಲ್ಲ. ರಂಗದ ಈ ಮರ್ಯಾದೆ ನನಗೆ ನಾಟಕ ಕಲಿಸಿದ ಉಸ್ತಾದರಿಂದ ಬಂದದ್ದು.

ಕೇಳು ಆ ಕಥೆ! ಚಿಂಚೋಳಿ ಕ್ಯಾಂಪು. ಕಿಕ್ಕಿರಿದ ಜನ. ರಾಣಿ ವಿಷದ ಬಟ್ಟಲು ಎತ್ತಿದ್ದಾಳೆ, ಹಾರ್ಮೋನಿಯಂ ಪೇಟಿಯ ಸ್ವರ ಅಳುತ್ತಿದೆ, ಹೆಂಗಸರ ಸೆರಗು ಒದ್ದೆ. ಹಿಂದೆ ರಾಜನ ಕುದುರೆ. ರಾಣಿ "ಪ್ರಾಣನಾಥಾ" ಎನ್ನಬೇಕು, ಕುದುರೆ ದಡದಡನೆ ಲದ್ದಿ ಹಾಕಬೇಕು! ಜನ ನಕ್ಕರು ನೋಡು, ತಗಡು ಹಾರುವ ಹಾಗೆ. ವಿಷ ಕುಡಿದು ಸತ್ತ ರಾಣಿಯ ಹೊಟ್ಟೆಯೂ ಕುಲುಕುತ್ತಿತ್ತು. ಅಂದು ಉಸ್ತಾದರು ಆಜ್ಞೆ ಮಾಡಿದರು: ರಂಗ ಏರುವ ಯಾವ ಜೀವಕ್ಕೂ ಆಟ ಮುಗಿಯುವ ತನಕ ನೀರಿಲ್ಲ. ಅಂದಿನಿಂದ ಇಂದಿನವರೆಗೆ ನನ್ನ ರಂಗ ಒಮ್ಮೆಯೂ ಮೈಲಿಗೆಯಾಗಿಲ್ಲ. ನಿನಗಿದು ಗೊತ್ತಿರಬೇಕಲ್ಲ, ನೀನೂ ನನ್ನ ರಂಗದಲ್ಲೇ ಬೆಳೆದವಳು.

ಇವತ್ತು ಚಮಕಿ ಕಣಕಿ ಮುಟ್ಟಿಲ್ಲ. ಮುನಿಸಿರಬೇಕು. ನಾಳೆ ಸರಿಹೋದಾಳು.

ನಿನ್ನ ಅಬ್ಬಾ

⁂

ಕಲಬುರಗಿ
೧೭ ಡಿಸೆಂಬರ್ ೨೦೨೩

ಅಬ್ಬಾ,

ಬುಧವಾರ ನಿಮ್ಮ ಪತ್ರ ಓದಿ ಮುಗಿಸಿರಲಿಲ್ಲ, ಸೂಗಪ್ಪ ಕಾಕಾನ ಫೋನ್ ಬಂತು. "ಮುನೀರಾ, ಕುದರಿ ಬಿದ್ದು ಹೊಳ್ಳಾಡಾಕತ್ತದವ್ವಾ. ನಿಮ್ಮಪ್ಪ ಪಾಟಿ ಹಿಡಕೊಂಡ ನಿಂತಾನ. ನಿನ್ನ ಹೆಸರ ಬರದಾನ. ಮುಂದ ಏನ ಬರೀಬೇಕಂತ ತಿಳೀವಲ್ದು ಅವಂಗ."

ಡಾಕ್ಟರ್ ಪ್ರಬುದ್ಧ ಜೀಪಿನಲ್ಲಿ ದಾರಿಯುದ್ದಕ್ಕೂ ನನಗೆ ಪ್ರಶ್ನೆ ಕೇಳಿದರು. ನಾನು ನಿಮ್ಮ ಪತ್ರಗಳನ್ನೇ ಓದಿ ಹೇಳಿದೆ. ಹೊಂಬಣ್ಣದ ಲದ್ದಿಗೆ ಅವರು ಜೋರಾಗಿ ನಕ್ಕರು. ತೊಟ್ಟಿಯ ಹಲಗೆಗೆ ನಗಲಿಲ್ಲ.

ನೀವು ಅವತ್ತು ಅಲ್ಲೇ ಇದ್ದಿರಿ. ಆದರೆ ನೀವು ಅವಳ ಮುಖ ಹಿಡಿದಿದ್ದಿರಿ, ನಾನು ಹೊಟ್ಟೆಯ ಕಡೆ ಇದ್ದೆ. ಅದಕ್ಕೇ ನನಗೆ ಕೇಳಿಸಿದ್ದನ್ನು ಬರೆಯುತ್ತೇನೆ. ಚೆನ್ನಾಗಿರುವ ಕುದುರೆಯ ಹೊಟ್ಟೆಗೆ ಕಿವಿ ಇಟ್ಟರೆ ಆಟ ಶುರುವಾಗುವ ಮುಂಚಿನ ರಂಗದ ಹಿಂಭಾಗದಂತೆ ಇರುತ್ತದೆ. ಗುಡುಗುಡು, ಸರಸರ, ಯಾರೋ ಏನೋ ಎಳೆದಂತೆ. ಚಮಕಿಯ ಎಡಪಕ್ಕೆಯಲ್ಲಿ ದೂರದಲ್ಲೆಲ್ಲೋ ಒಂದು ಸಣ್ಣ ಸದ್ದಿತ್ತು. ಬಲಪಕ್ಕೆಯಲ್ಲಿ ಏನೂ ಇರಲಿಲ್ಲ. ಒಸಡು ಮುಟ್ಟಿದರೆ ಬೆರಳಿಗೆ ಒಣಗಿದ ಕಾಗದ. ಡಾಕ್ಟರು ನೋವಿನ ಸೂಜಿ ಚುಚ್ಚಿ, ಕೈಗೆ ಉದ್ದ ಗ್ಲೌಸ್ ಹಾಕಿ ಒಳಗೆ ಪರೀಕ್ಷಿಸಿದಾಗ ದೊಡ್ಡ ಕರುಳಿನಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ ಲದ್ದಿ ಕೂತಿತ್ತು. ಮೂಗಿನ ನಳಿಕೆಯಿಂದ ಪ್ಯಾರಾಫಿನ್ ಎಣ್ಣೆ, ಬೆಚ್ಚಗಿನ ನೀರು. ಕುತ್ತಿಗೆಯ ನರಕ್ಕೆ ಸಲಾಯಿನ್. ಬಾಟಲಿ ಎತ್ತಿ ಹಿಡಿದು ನಿಂತಿದ್ದ ಸೂಗಪ್ಪ ಕಾಕಾನಿಗೆ ಸರದಾರನ ಕಿರೀಟ ತೆಗೆದಿಡಲೂ ನೆನಪಿರಲಿಲ್ಲ.

ಆಮೇಲೆ ಮಾಡುವುದು ಏನೂ ಇರಲಿಲ್ಲ. ನೀವೊಂದು ಕಡೆ, ನಾನೊಂದು ಕಡೆ ಅವಳನ್ನು ನಿಮ್ಮ ತಾಲೀಮು ನಡೆಯುವ ಶಾಲೆಯ ಮೈದಾನದಲ್ಲಿ ಮೆಲ್ಲಗೆ ನಡೆಸುತ್ತ ಕಾದೆವು. ಹೊತ್ತು ಇಳಿಯುವಾಗ ಬಲಪಕ್ಕೆಯಲ್ಲಿ ಒಂದು ಗುಡುಗು ಕೇಳಿದೆ. ಆಮೇಲೆ ಅವಳು ಬಾಲ ಎತ್ತಿದಳು. ನೀವು ಅತ್ತಿರಿ. ನಾನು ನೋಡಿದೆ, ನೋಡದ ಹಾಗೆ ಲದ್ದಿ ಮುಟ್ಟಿ ಪರೀಕ್ಷಿಸಿದೆ.

ಔಷಧದ ಹೆಸರು ಕೇಳಿದ್ದಿರಲ್ಲ, ಈಗ ಬರೆಯುತ್ತೇನೆ: ನೀರು. ಹೊರಗಿನಿಂದ ನೀರು ಸಿಗದಿದ್ದರೆ ದೇಹವು ಕರುಳಿನಲ್ಲಿರುವ ಲದ್ದಿಯ ನೀರನ್ನೇ ಹೀರಿಕೊಂಡು ಬದುಕುತ್ತದೆ. ಉಳಿಯುವುದು ಇಟ್ಟಿಗೆ. ನಬಿಸಾಬರಲ್ಲಿ ಬಾರಾತ್ ಯಾವಾಗಲೋ ಒಮ್ಮೆ ಇರುತ್ತಿತ್ತು, ಅವಳು ಹೇಗೋ ತಡೆದುಕೊಂಡಳು. ನಿಮ್ಮ ತಾಲೀಮು ದಿನಾ. ಜುಮ್ಮಾ ದಿನ ತೊಟ್ಟಿ ತೆರೆದಿರುತ್ತಿತ್ತು, ಅದಕ್ಕೇ ಶನಿವಾರದ ಹೊಂಬಣ್ಣ. ಅವಳಿಗೆ ರಂಗದ ಭಯವಿಲ್ಲ, ಅಬ್ಬಾ.

ನನಗೂ ಇರಲಿಲ್ಲ. ಆ ಜರಿ ಅಂಗಿಗೆ ಬೆನ್ನ ಮೇಲೆ ಎಷ್ಟು ಲಾಡಿಗಳಿದ್ದವು ನೆನಪಿದೆಯೇ? ಒಂದಕ್ಕೆ ಹೋಗಬೇಕೆಂದರೆ ಬಿಚ್ಚಿ ಕಟ್ಟಲು ಇಬ್ಬರು ಬೇಕು, ಆಟದ ನಡುವೆ ಆಗದ ಮಾತು. ಅದಕ್ಕೆ ಯುವರಾಜನಿಗೆ ಮುಂಜಾನೆಯಿಂದ ನೀರಿಲ್ಲ. ಅಮ್ಮಿ ನಿಮಗೆ ಕಾಣದ ಹಾಗೆ ಒದ್ದೆ ಅರಿವೆ ತಂದು ನನ್ನ ತುಟಿಗೆ ಒತ್ತುತ್ತಿದ್ದಳು. "ಕೊಟ್ಟಾಗ ಕುಡಿಯುತ್ತಾಳೆ" ಎಂದು ಓದಿದಾಗ ನನ್ನ ನಾಲಿಗೆಗೆ ಆ ಅರಿವೆಯ ರುಚಿ ಬಂತು.

ಇರಲಿ. ಹಲಗೆಯನ್ನು ಒಲೆಗೆ ಹಾಕಿ. ಕಣಕಿಯನ್ನು ಕತ್ತರಿಸಿ ನೆನೆಸಿ ಕೊಡಿ, ಹೊಟ್ಟು ಸದ್ಯಕ್ಕೆ ಬೇಡ.

ಮುನೀರಾ

⁂

ಕಮಲಾಪುರ
೩೧ ಡಿಸೆಂಬರ್ ೨೦೨೩

ಮುನೀರಾ,

ಹಲಗೆ ಸುಟ್ಟೆವು. ಅದರ ಮೇಲೆ ಸುನಂದಾ ಚಹಾ ಮಾಡಿದಳು. ಕೊಟ್ಟಿಗೆಯಲ್ಲಿ ಒಂದು, ಮೈದಾನದಲ್ಲಿ ಒಂದು, ಎರಡು ಕಡೆ ತೊಟ್ಟಿ ತುಂಬಿರುತ್ತವೆ. ಲದ್ದಿ ದಿನವೂ ಶನಿವಾರದ್ದೇ.

ನಿನ್ನ ಪತ್ರದ ಕೊನೆಯ ಭಾಗಕ್ಕೆ ಉತ್ತರ ಬರೆದಿದ್ದೆ. ಓದಿ ನೋಡಿದರೆ ಮೂರನೆಯ ಅಂಕದ ಸಂಭಾಷಣೆಯಂತಿತ್ತು. ಹರಿದು ಹಾಕಿದೆ.

ಈಗ ಕಷ್ಟ ಬೇರೆ ಇದೆ. ಚಮಕಿ ತಾಲೀಮಿನಲ್ಲಿ ಕೋಟೆ ಬಾಗಿಲ ದೃಶ್ಯಕ್ಕೇ ಸರಿಯಾಗಿ ಲದ್ದಿ ಹಾಕುತ್ತಿದ್ದಾಳೆ. ಸೂಗಪ್ಪ ಖಡ್ಗ ನೆಲಕ್ಕೆ ಒಗೆದು, "ಮಾಸ್ತರ, ನಾ ಗರ್ಜನಿ ಹೊಡ್ಯಾಕತ್ತಾಗ ಆಕಿ ಲದ್ದಿ ಹಾಕಿದ್ರ ಮಂದಿ ಯಾರನ್ನ ನೋಡ್ತಾರ?" ಎಂದ. ಪಾಟಿಯ ಮೇಲೆ ಬರೆದೆ: "ಅವಳನ್ನೇ."

ಅದಕ್ಕೇ ಆ ದೃಶ್ಯವನ್ನು ಬದಲಿಸುತ್ತಿದ್ದೇನೆ. ಉಸ್ತಾದರ ಆಜ್ಞೆ ಮುರಿದು ರಂಗದ ಮೇಲೆ ನಿಲ್ಲುವುದು ಇದೇ ಮೊದಲು. ಜನ ನಕ್ಕರೆ ನಗಲಿ ಎಂದು ಬರೆಯುವುದು ಸುಲಭ. ನಿದ್ದೆ ಬರುತ್ತಿಲ್ಲ. ಆಟ ಜನವರಿ ಇಪ್ಪತ್ತೇಳರ ಸಂಜೆ.

ಒಂದು ಪ್ರಶ್ನೆ, ನಿನ್ನ ಹಾಗೆ: ಕುದುರೆ ನೀರು ಕುಡಿಯುವಾಗ ಕಿವಿ ಹಿಂದೆ ಮುಂದೆ ಆಡಿಸುತ್ತದಲ್ಲ, ಪ್ರತಿ ಗುಟುಕಿಗೂ ಒಮ್ಮೆ. ಯಾಕೆ?

ಅಬ್ಬಾ

⁂

ಕಲಬುರಗಿ
೧೦ ಜನವರಿ ೨೦೨೪

ಅಬ್ಬಾ,

ಯಾಕೆಂದು ನನಗೂ ಗೊತ್ತಿಲ್ಲ. ಡಾಕ್ಟರ್ ಪ್ರಬುದ್ಧರನ್ನು ಕೇಳಿದೆ, ಅವರು ಪುಸ್ತಕ ತಿರುವತೊಡಗಿದರು. ನಿಮ್ಮ ಪ್ರಶ್ನೆ ಇಡೀ ದವಾಖಾನೆಯ ತುಂಬ ತಿರುಗುತ್ತಿದೆ.

ಇಪ್ಪತ್ತೇಳಕ್ಕೆ ರಜೆ ಕೇಳಿದ್ದೇನೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಡಿಸಿ, ಡಾಕ್ಟರೂ ಬರುತ್ತಾರಂತೆ. ಕುದುರೆ ನೋಡಲು.

ಮುನೀರಾ

⁂

ಕಮಲಾಪುರ
೨೯ ಜನವರಿ ೨೦೨೪

ಬೇಟಿ ಮುನೀರಾ,

ಆಟ ಮುಗಿದೊಡನೆ ನೀನು ಬಣ್ಣದ ಮನೆಗೆ ಬಂದೆ, ಚಮಕಿಯ ಎರಡೂ ಪಕ್ಕೆಗೆ ಕಿವಿ ಇಟ್ಟೆ, ನನ್ನ ಕೈ ಹಿಡಿದು ಒಮ್ಮೆ ಅದುಮಿದೆ, ಜೀಪು ಹತ್ತಿದೆ. ಸುತ್ತ ಜನ, ಹಾರ, ಗದ್ದಲ. ನನಗೆ ಮಾತು ಮರಳಿದೆ ಎಂದು ಹೇಳಲೂ ಆಗಲಿಲ್ಲ. ಮುಂದಿನ ಸಾಲಿನಿಂದ ಕಾಣದ್ದನ್ನು ಈಗ ಬರೆಯುತ್ತೇನೆ.

ಕಂಡದ್ದನ್ನು ನೀನೇ ಬಲ್ಲೆ. ಯುದ್ಧದಿಂದ ಮರಳಿದ ಸರದಾರ ಕೋಟೆಯ ಮುಂದೆ ಇಳಿಯುತ್ತಾನೆ. ಎಲ್ಲರೂ ಗರ್ಜನೆಗೆ ಕಾದಿದ್ದಾರೆ. ಅವನು ಗರ್ಜಿಸುವುದಿಲ್ಲ. ಕೊಳಗ ತುಂಬ ನೀರು ತಂದು ಕುದುರೆಯ ಮುಂದೆ ಇಡುತ್ತಾನೆ, ತಾನು ಬಾಯಾರಿ ನಿಂತಿರುತ್ತಾನೆ. ಪೇಟಿ ನಿಲ್ಲಿಸಿಬಿಟ್ಟಿದ್ದೆ. ಅಷ್ಟು ಜನ, ಒಂದು ಸದ್ದಿಲ್ಲ, ಚಮಕಿ ನೀರು ಹೀರುವ ಸದ್ದೊಂದೇ! ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿತು. ನನ್ನ ಗಂಟಲಿಗೆ ಒಮ್ಮೆಯೂ ಅಂಥ ನಿಶ್ಶಬ್ದ ಸಿಕ್ಕಿರಲಿಲ್ಲ. ಆಮೇಲೆ ಅವಳು ತಲೆ ಎತ್ತಿದಳು, ಬಾಲ ಎತ್ತಿದಳು, ನನ್ನ ರಂಗದ ಮರ್ಯಾದೆಯ ಮೇಲೆ ದಡದಡನೆ ಸುರಿದಳು. ನಾನು ಕಣ್ಣು ಮುಚ್ಚಿದೆ. ಸೂಗಪ್ಪ, ಆ ತೊಗರಿ ವ್ಯಾಪಾರಿ, ಪುಸ್ತಕದಲ್ಲಿಲ್ಲದ ಮಾತು ಹೊಡೆದ: "ನನ್ನ ಕುದರಿ ಹೊಟ್ಟಿ ತಣ್ಣಗದ! ಇನ್ನ ಬಾಗಲಾ ತೆರೀರಿ!" ಜನ ನಕ್ಕರು, ಹೌದು. ನಗುತ್ತಲೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಣ್ಣು ತೆರೆದಾಗ ನಿನ್ನ ಡಾಕ್ಟರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

ಇನ್ನು ಕಾಣದ್ದು. ಆಟದ ದಿನ ಮುಂಜಾನೆಯೇ ಗಂಟಲಿನ ಡಾಕ್ಟರು ಬೀಗ ತೆಗೆದಿದ್ದರು. ಯಾರಿಗೂ ಹೇಳಿರಲಿಲ್ಲ. ಮೊದಲ ಮಾತನ್ನು ಪಡದೆಯ ಹಿಂದಿನಿಂದ ಗುಡುಗಿಸಬೇಕು, ಇಡೀ ಕಮಲಾಪುರ ಬೆಚ್ಚಬೇಕು, ಮುಂದಿನ ಸಾಲಿನಲ್ಲಿ ನೀನು ತಲೆ ಎತ್ತಬೇಕು ಎಂದು ಅದನ್ನು ಬಾಯಲ್ಲೇ ಮಡಗಿಕೊಂಡಿದ್ದೆ. ಗಂಟೆ ಬಾರಿಸಿದರು. ಬಾಯಿ ತೆರೆದೆ. ಪಕ್ಕದಲ್ಲಿ ಅಲ್ಫಿಯಾ ನಿಂತಿದ್ದಳು, ನಿನ್ನ ಜರಿ ಅಂಗಿಯಲ್ಲಿ, ತುಟಿ ನೆಕ್ಕಿಕೊಳ್ಳುತ್ತ. ಗುಡುಗು ಬರಲಿಲ್ಲ, ಮುನೀರಾ. ರಂಗದ ಕನ್ನಡವೂ ಬರಲಿಲ್ಲ. ಒಡಕು ದನಿಯಲ್ಲಿ ಮನೆಯ ಮಾತು ಬಂತು: "ಬೇಟಿ, ಪಾನಿ ಪೀಲೀ ಕ್ಯಾ?"

ಅವಳು ನೀರು ಕುಡಿದಿಲ್ಲವೆಂದು ತಲೆಯಾಡಿಸಿದಳು. ಚೊಂಬು ಕೊಟ್ಟೆ. ಕೊನೆಯ ಹನಿಯ ತನಕ ಕುಡಿದಳು. ಕಿವಿ ಆಡಿಸುತ್ತಾಳೇನೋ ಎಂದು ನೋಡಿದೆ.

ಅಂಗಿಯ ಬೆನ್ನಿನ ಲಾಡಿಗಳನ್ನೆಲ್ಲ ಆ ವಾರವೇ ಕಿತ್ತು ಸುನಂದಾಳಿಂದ ಟಿಚ್‌ಬಟನ್ ಹಾಕಿಸಿದ್ದೆ. ಎಳೆದರೆ ಬಿಚ್ಚುತ್ತದೆ, ಒತ್ತಿದರೆ ಕೂಡುತ್ತದೆ. ಇಷ್ಟು ಸುಲಭವಿತ್ತು.

ಎರಡನೆಯ ಅಂಕದಲ್ಲಿ ಸೂಗಪ್ಪ ಅದೇ ಹಾಡನ್ನು ಮತ್ತೆ ಮತ್ತೆ ಎತ್ತಿಕೊಂಡನಲ್ಲ, ಆಗ ನೀನು ಡಾಕ್ಟರ ಕಡೆ ಬಗ್ಗಿ ಏನೋ ಕೇಳಿದ್ದನ್ನು ಪಡದೆಯ ಸಂದಿಯಿಂದ ಕಂಡೆ. ಈ ಹಾಡು ಯಾಕೆ ಮುಗಿಯುತ್ತಿಲ್ಲ ಎಂದೇ ಕೇಳಿರಬೇಕು. ಯುವರಾಜ ಶಾಲೆಯ ಹಿಂದಿನ ಪಾಯಖಾನೆಗೆ ಹೋಗಿದ್ದ. ಅವನು ಬರುವ ತನಕ ಆಟ ಕಾಯಿತು.

ನಿನ್ನ ಅಬ್ಬಾ